ಕೊಳ್ಳುವವರ ಹೊಣೆ: ಕೊಬ್ಬರಿಯ ದಾರಿಯಲ್ಲಿ ಕೆಲವು ಪ್ರಶ್ನೆಗಳು



ಹಾಲ್ಕುರಿಕೆಯ ಮತ್ತು ಸುತ್ತಲ ಹಳ್ಳಿಗಳ ತೆಂಗು ಬೆಳೆಗಾರರಾದ ನಿಮ್ಮ ಮುಂದೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಬಗ್ಗೆ ಮಾತಾಡಬೇಕೆಂದು ಈ ಉಪನ್ಯಾಸ ಏರ್ಪಡಿಸಿದ ದತ್ತಿಯ ಹಿರಿಯರು ಹೇಳಿದಾಗ, ಖರೀದಿಯನ್ನು ಬಿಟ್ಟು ಆ ವಿಷಯ ಮಾತಾಡಲು ನನಗೆ ಬರುವುದಿಲ್ಲ ಎಂದೆ. ಅವರು ಒಪ್ಪಿದರು. ಶಾಲೆಗೆ ಬೆಂಚು ಕೊಟ್ಟದ್ದು, ಊರಿಗೆ ಶುದ್ಧ ನೀರಿನ ಘಟಕ ಹಾಕಿಸಿದ್ದು, ಕೆರೆಯ ಹೂಳು ತೆಗೆಸಿದ್ದು, ಇವನ್ನೆಲ್ಲ ನಾವು ಹೊಣೆಗಾರಿಕೆ ಎಂದು ಕರೆದು ರೂಢಿ. ಒಳ್ಳೆಯ ಕೆಲಸಗಳೇ; ಮಾಡಿದವರಿಗೆ ಕೃತಜ್ಞರಾಗಿರೋಣ. ಆದರೆ ಒಂದು ಕಂಪನಿ ಒಂದು ಊರಿನ ಬದುಕಿನೊಳಕ್ಕೆ ಕೈಹಾಕುವುದು ಬೆಂಚಿನ ಮೂಲಕ ಅಲ್ಲ. ಏನನ್ನು ಕೊಳ್ಳುತ್ತದೆ, ಯಾರ ಕೈಯಿಂದ, ಯಾವ ಬೆಲೆಗೆ, ಎಷ್ಟು ಕಡಿತ ಹಿಡಿದು, ದುಡ್ಡು ಯಾವತ್ತು ಕೊಡುತ್ತದೆ, ಇದರ ಮೂಲಕ. ಇದನ್ನು ವಿವರಿಸಲು ನಿಮ್ಮ ಮನೆಯ ಅಟ್ಟದ ಮೇಲಿರುವ ಕಾಯಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಉಂಡೆ ಕೊಬ್ಬರಿ ಆಗುವ ಬಗೆ ನಿಮಗೆ ಹೇಳಬೇಕಾಗಿಲ್ಲ. ಅಚ್ಚಾದ ಪ್ರತಿಯನ್ನು ಓದುವ ಬೇರೆ ಸೀಮೆಯವರಿಗಾಗಿ ಹೇಳುತ್ತೇನೆ. ಬಲಿತ ಕಾಯಿ ಕೆಡವಿ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಎಂಟು ತಿಂಗಳಿಂದ ಒಂದು ವರ್ಷ ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆಗೆ ಪೆಟ್ಟಾಗದಂತೆ ಬಿಡಿಸಬೇಕು. ಹೋಳಾದರೆ ಬೆಲೆ ಇಳಿಯಿತು. ಪೂರ್ತಿ ಒಣಗದಿದ್ದರೆ ಕೌಟಾಯಿತು. ಕಾಯಿಯ ಗಾತ್ರ ನೋಡಿಕೊಂಡು, ಒಂದು ಕ್ವಿಂಟಲ್ ಕೊಬ್ಬರಿಗೆ ಎಂಟುನೂರರ ಆಸುಪಾಸು ಕಾಯಿ ಬೇಕು.

ಇದನ್ನೇ ವ್ಯವಹಾರದ ಕಣ್ಣಿನಿಂದ ನೋಡಿ. ದೊಡ್ಡ ಕಾರ್ಖಾನೆಗಳವರು ದಾಸ್ತಾನು ಇಟ್ಟುಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಬೇಕಾದ ಹೊತ್ತಿಗೆ ಬೇಕಾದಷ್ಟೇ ತರಿಸಿಕೊಳ್ಳುವುದು ಈಗಿನ ಪದ್ಧತಿ. ಗೋದಾಮಿನ ಬಾಡಿಗೆ ಉಳಿಯುತ್ತದೆ, ಬಡ್ಡಿ ಉಳಿಯುತ್ತದೆ, ಬೆಲೆ ಬಿದ್ದರೆ ಬರುವ ನಷ್ಟವೂ ತಪ್ಪುತ್ತದೆ. ಆದರೆ ಎಲ್ಲರೂ ದಾಸ್ತಾನು ಬೇಡ ಎಂದರೆ ಸರಕು ಗಾಳಿಯಲ್ಲಿ ನಿಲ್ಲುವುದಿಲ್ಲವಲ್ಲ. ಯಾರೋ ಒಬ್ಬರು ಇಟ್ಟುಕೊಂಡು ಕಾಯಲೇಬೇಕು. ಕೊಬ್ಬರಿಯ ಸರಪಳಿಯಲ್ಲಿ ಆ ಒಬ್ಬರು ಬೆಳೆಗಾರರು. ವರ್ಷದ ದುಡಿಮೆಯನ್ನು ಅಟ್ಟದ ಮೇಲೆ ಹೂಡಿ, ಇಲಿ, ಬೆಂಕಿ, ಸಾಲದ ಬಡ್ಡಿ, ಬೆಲೆಯ ಏರಿಳಿತ ಎಲ್ಲವನ್ನೂ ತಾವೇ ಹೊತ್ತು ಕೂತಿರುತ್ತಾರೆ. ಈ ಕಾಯುವ ಕೆಲಸಕ್ಕೆ ಯಾವ ಖರೀದಿ ಚೀಟಿಯಲ್ಲೂ ಕಾಲಂ ಇಲ್ಲ.

ಆ ಹೊರೆ ಎಂಥದ್ದು ಎಂಬುದು 2023ರಲ್ಲಿ ಕಂಡಿತು. ಆ ವರ್ಷ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಎಂಟು ಸಾವಿರದ ಸುತ್ತ ಕುಸಿದು ನಿಂತಿತು. ಹಿಂದಿನ ವರ್ಷದ ಕಾಯಿ ಅಟ್ಟದಲ್ಲಿಟ್ಟಿದ್ದವರು ಮಾರುವ ಹಾಗೂ ಇಲ್ಲ, ಇಡುವ ಹಾಗೂ ಇಲ್ಲ ಎಂಬಂತಾದರು. ಇನ್ನು 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ ಬೆಲೆ ಇಪ್ಪತ್ತೈದು ಸಾವಿರ ದಾಟಿತು. ಸುದ್ದಿ ಓದಿದ ಪೇಟೆಯವರು ತೆಂಗಿನ ಸೀಮೆಗೆ ಹಬ್ಬ ಬಂತು ಎಂದುಕೊಂಡರು. ಆದರೆ ಬೆಲೆ ಏರಿದ್ದೇ ಕಾಯಿ ಇಲ್ಲದ್ದರಿಂದ. 2023ರ ಬರ, ಮರು ವರ್ಷದ ಬಿಸಿಲು, ಕಪ್ಪುತಲೆ ಹುಳು, ಬಿಳಿನೊಣ ಇವೆಲ್ಲ ಸೇರಿ ಇಳುವರಿಯನ್ನು ತಿಂದು ಹಾಕಿದ್ದವು. ಬೆಲೆ ಬಿದ್ದಾಗ ಮಾರಿ ಮುಗಿಸಿದ್ದವರಿಗೆ ಏರಿದ ಬೆಲೆ ಪತ್ರಿಕೆಯಲ್ಲಿ ಓದುವ ಸುದ್ದಿ ಮಾತ್ರವಾಯಿತು.

ಈಗ ಕಾನೂನಿಗೆ ಬರುತ್ತೇನೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದೊಂದು ಇದ್ದರೂ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಖರ್ಚು ಮಾಡುವಾಗ ತನ್ನ ವ್ಯವಹಾರ ನಡೆಯುವ ಸ್ಥಳದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು. ಇದರ ನಿಯಮಗಳಲ್ಲಿ ಇನ್ನೊಂದು ಮಾತಿದೆ. ಕಂಪನಿ ತನ್ನ ಮಾಮೂಲು ವ್ಯವಹಾರದ ಭಾಗವಾಗಿ ಮಾಡುವ ಯಾವ ಕೆಲಸವೂ ಈ ಲೆಕ್ಕಕ್ಕೆ ಬರುವುದಿಲ್ಲ.

ಆ ಗೆರೆ ಎಳೆದವರಿಗೆ ಕಾರಣವಿತ್ತು. ಇಲ್ಲದಿದ್ದರೆ ತಮ್ಮ ವ್ಯಾಪಾರದ ಖರ್ಚನ್ನೇ ಸಮಾಜಸೇವೆ ಎಂದು ಬರೆದುಕೊಳ್ಳುವವರು ಹುಟ್ಟಿಕೊಳ್ಳುತ್ತಿದ್ದರು. ಗೆರೆ ಅಳಿಸಿ ಎಂದು ನಾನು ಹೇಳುವುದಿಲ್ಲ. ಅದರ ಪರಿಣಾಮವನ್ನು ಮಾತ್ರ ಗಮನಿಸಿ. ತೂಕ ಸರಿಯಾಗಿ ಹಿಡಿದು, ನ್ಯಾಯದ ಬೆಲೆ ಕೊಟ್ಟು, ಅದೇ ವಾರ ದುಡ್ಡು ಸಲ್ಲಿಸಿದ ಕಂಪನಿಯ ಒಳ್ಳೆಯತನ ಈ ಕಾನೂನಿನ ಪುಸ್ತಕದಲ್ಲಿ ಎಲ್ಲೂ ದಾಖಲಾಗುವುದಿಲ್ಲ. ಬೆಳೆಗಾರರನ್ನು ಹಿಂಡಿ ಕೊಂಡು, ಆ ಲಾಭದ ಶೇ 2ರಲ್ಲಿ ಬಸ್ ತಂಗುದಾಣ ಕಟ್ಟಿಸಿದರೆ ದಾಖಲಾಗುತ್ತದೆ. ಕಾರ್ಖಾನೆ ಒಂದು ಕಡೆ, ತೋಟ ಇನ್ನೊಂದು ಕಡೆ ಇದ್ದರೆ ಆ ತಂಗುದಾಣ ಕೂಡ ತೋಟದ ಊರಿಗೆ ಬರುವುದು ಅಪರೂಪ.

ನಮ್ಮ ನೆಲದಲ್ಲಿ ಈ ಚರ್ಚೆ ಹನ್ನೆರಡನೆಯ ಶತಮಾನದಲ್ಲೇ ನಡೆದಿದೆ. ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕ ಅವರದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಅವರ ಮಡದಿ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದರು. ಅಕ್ಕಿ ಹೋಗುತ್ತಿದ್ದದ್ದು ಜಂಗಮರ ಎಲೆಗೆ, ತಮ್ಮ ಹೊಟ್ಟೆಗಲ್ಲ. ಆದರೂ ಲಕ್ಕಮ್ಮ ಕೇಳಿದ್ದು ಅಕ್ಕಿ ಎಲ್ಲಿಗೆ ಹೋಗುತ್ತದೆ ಎಂದಲ್ಲ, ಮನೆಗೆ ಹೇಗೆ ಬಂತು ಎಂದು. ಕಂಪನಿಗಳ ವಾರ್ಷಿಕ ವರದಿಗಳಲ್ಲಿ ದಾಸೋಹದ ಪುಟಗಳು ಬಣ್ಣದ ಚಿತ್ರಗಳೊಂದಿಗೆ ಇರುತ್ತವೆ. ಲಕ್ಕಮ್ಮ ಹುಡುಕುವ ಪುಟ ಬೇರೆ.

ಆ ಪುಟ ಈಗ ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತಿದೆ. ಷೇರುಪೇಟೆಯ ನಿಯಂತ್ರಕ ಸೆಬಿ, 2022-23ರಿಂದ ದೇಶದ ಮೊದಲ ಸಾವಿರ ನೋಂದಾಯಿತ ಕಂಪನಿಗಳು ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡುವುದನ್ನು ಕಡ್ಡಾಯ ಮಾಡಿತು. ಬಿಆರ್‌ಎಸ್‌ಆರ್ ಎಂದು ಅದರ ಹೆಸರು. ಅದರಲ್ಲಿ ನಮಗೆ ಬೇಕಾದ ಪ್ರಶ್ನೆಗಳಿವೆ. ಕೊಂಡ ಕಚ್ಚಾ ಮಾಲಿನಲ್ಲಿ ಎಷ್ಟು ಪಾಲು ಸಣ್ಣ ಉತ್ಪಾದಕರಿಂದ ನೇರವಾಗಿ ಬಂತು? ವ್ಯಾಪಾರಿ ಸಂಸ್ಥೆಗಳ ಮೂಲಕ ಬಂದದ್ದೆಷ್ಟು? ಸರಕು ಕೊಟ್ಟವರಿಗೆ ಹಣ ಸಲ್ಲಿಸಲು ಸರಾಸರಿ ಎಷ್ಟು ದಿನ ಹಿಡಿಯಿತು? ಈ ಮೂರನ್ನು ಓದಿದಾಗ ನನಗೆ ಸಂತೋಷವಾಯಿತು. ಯಾರೋ ಮಾರುಕಟ್ಟೆಯ ಅಂಗಳದಲ್ಲಿ ನಿಂತು ಬರೆದ ಹಾಗಿವೆ. ಸಂತೋಷದ ಜೊತೆಗೆ ಒಂದು ಕೊರಗೂ ಉಂಟು. ಮೊದಲ ನಮೂನೆಯಲ್ಲಿ, ಕಂಪನಿ ಇರುವ ಜಿಲ್ಲೆ ಮತ್ತು ನೆರೆಯ ಜಿಲ್ಲೆಗಳಿಂದ ಕೊಂಡದ್ದೆಷ್ಟು ಎಂಬ ಪ್ರಶ್ನೆ ಇತ್ತು. ಆಮೇಲೆ ಬಂದ ಪರಿಷ್ಕರಣೆಯಲ್ಲಿ ಅದು ಭಾರತದೊಳಗಿನಿಂದ ಕೊಂಡದ್ದೆಷ್ಟು ಎಂದು ಬದಲಾಯಿತು. ಭಾರತ ದೊಡ್ಡದು. ಹಾಲ್ಕುರಿಕೆ ಅದರೊಳಗೆ ಕಾಣದೆ ಹೋಗುವುದು ಬಹಳ ಸುಲಭ.

ಇನ್ನೂ ದೊಡ್ಡ ತೊಡಕು ಬೇರೆ ಇದೆ. ಕಂಪನಿ ತನ್ನ ವಿಷಯವನ್ನಷ್ಟೇ ಅಲ್ಲ, ತನಗೆ ಸರಕು ಕೊಡುವವರ ಸ್ಥಿತಿಗತಿಯನ್ನೂ ಹೇಳಬೇಕು ಎಂದು ಸೆಬಿ 2023ರಲ್ಲಿ ಹೊರಟಿತು. ಎರಡು ವರ್ಷದಲ್ಲಿ ಅದನ್ನು ಸಡಿಲಿಸಿ, ಐಚ್ಛಿಕ ಮಾಡಿತು. ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದಕ್ಕೆ ಇಟ್ಟ ಅಳತೆ ಏನೆಂದರೆ, ಕಂಪನಿಯ ಒಟ್ಟು ಖರೀದಿಯಲ್ಲಿ ಶೇ 2 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವವರು. ವರ್ಷಕ್ಕೆ ಹತ್ತೋ ಹದಿನೈದೋ ಕ್ವಿಂಟಲ್ ಕೊಬ್ಬರಿ ಮಾಡುವ ರೈತ ಯಾವ ಕಂಪನಿಯ ಶೇ 2 ಆಗುತ್ತಾನೆ? ಎಂದೆಂದಿಗೂ ಆಗುವುದಿಲ್ಲ. ಸಾವಿರಾರು ಜನ ಸೇರಿ ಸರಕಿನ ಬಹುಪಾಲನ್ನು ಕೊಟ್ಟರೂ, ಒಬ್ಬೊಬ್ಬರಾಗಿ ಎಣಿಸಿದಾಗ ಯಾರೂ ಲೆಕ್ಕಕ್ಕೆ ಸಿಗುವುದಿಲ್ಲ. ಲೆಕ್ಕಕ್ಕೆ ಸಿಗುವವರು ನಡುವಿನ ದೊಡ್ಡ ವ್ಯಾಪಾರಿಗಳು. ಅಳತೆಗೋಲನ್ನು ಹೀಗೆ ಇಟ್ಟರೆ ಸರಪಳಿಯ ಬುಡ ಕಾನೂನಿಗೆ ಕಾಣುವುದೇ ಇಲ್ಲ ಎಂಬುದು ನನ್ನ ಮುಖ್ಯ ತಕರಾರು.

ಉಂಡೆ ಕೊಬ್ಬರಿಯನ್ನು ಕೊಳ್ಳುವುದು ಹೆಚ್ಚಾಗಿ ಉತ್ತರ ಭಾರತದ ಪೇಟೆಗಳು, ಕಂಪನಿಗಳಲ್ಲ, ಹಾಗಾದರೆ ಈ ಮಾತೆಲ್ಲ ಯಾರಿಗೆ ಎಂದು ಕೆಲವರು ಕೇಳಬಹುದು. ನಿಜ. ಹಾಲ್ಕುರಿಕೆಯ ಚೀಲ, ಹೊನ್ನವಳ್ಳಿಯ ಚೀಲ, ಹುಳಿಯಾರಿನ ಚೀಲ ಎಲ್ಲ ಗಾತ್ರ ಬಣ್ಣದ ಮೇಲೆ ವಿಂಗಡವಾಗಿ ಬೆರೆತು ಲಾರಿ ಹತ್ತುತ್ತವೆ. ದೆಹಲಿಯ ಅಂಗಡಿಯಲ್ಲಿ ಹಬ್ಬಕ್ಕೆ ಕೊಬ್ಬರಿ ಕೊಳ್ಳುವವರಿಗೆ ಊರಿನ ಹೆಸರು ತಿಳಿಯುವ ದಾರಿ ಇಲ್ಲ. ಆದರೆ ಒಂದು ತೆಂಗಿನಕಾಯಿ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಹಸಿಕಾಯಿ ಪುಡಿಯಾಗಿ ಬಿಸ್ಕತ್ತು, ಮಿಠಾಯಿಗಳೊಳಗೆ ಸೇರುತ್ತದೆ. ನಾರು ಹಾಸಿಗೆಗೆ ಹೋಗುತ್ತದೆ. ನಾರಿನ ಪುಡಿಯನ್ನು ಇಟ್ಟಿಗೆಯಂತೆ ಒತ್ತಿ ಹೊರದೇಶಗಳ ಹಸಿರುಮನೆಗಳಿಗೆ ಕಳಿಸುತ್ತಾರೆ. ಚಿಪ್ಪು ಇದ್ದಿಲಾಗುತ್ತದೆ. ಈ ದಾರಿಗಳ ಕೊನೆಯಲ್ಲಿ ಹೆಸರು ವಿಳಾಸ ಇರುವ ದೊಡ್ಡ ಕಂಪನಿಗಳು ನಿಂತಿವೆ.

ಚಿಪ್ಪಿನ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಚಿಪ್ಪನ್ನು ಗಾಳಿ ಹೆಚ್ಚು ಆಡದಂತೆ ಸುಟ್ಟು ಇದ್ದಿಲು ಮಾಡುತ್ತಾರೆ. ಆ ಇದ್ದಿಲನ್ನು ಬೇರೆ ಕಾರ್ಖಾನೆಯಲ್ಲಿ ಹಬೆ ಹಾಯಿಸಿ ಕಾಯಿಸಿದರೆ ಅದರ ಮೈಯಲ್ಲಿ ಸೂಕ್ಷ್ಮ ರಂಧ್ರಗಳು ತುಂಬಿಕೊಂಡು ಆ್ಯಕ್ಟಿವೇಟೆಡ್ ಕಾರ್ಬನ್ ಆಗುತ್ತದೆ. ನಗರದ ಅಡುಗೆಮನೆಯ ನೀರು ಶುದ್ಧ ಮಾಡುವ ಯಂತ್ರದೊಳಗೆ, ಚಿನ್ನ ಬೇರ್ಪಡಿಸುವ ಗಣಿಗಳಲ್ಲಿ ಅದಕ್ಕೆ ಬೆಲೆ ಉಂಟು. ನೀರಿನ ಯಂತ್ರ ಮಾರುವ ಕಂಪನಿಯ ವರದಿಯಲ್ಲಿ ಆರೋಗ್ಯದ ಮಾತು ಪುಟಗಟ್ಟಲೆ ಬರುತ್ತದೆ. ಆ ಆರೋಗ್ಯದ ಮೊದಲ ಮೆಟ್ಟಿಲು ಒಂದು ಹಳ್ಳಿಯ ಅಂಚಿನ ಗುಂಡಿಯಲ್ಲಿ ಹೊಗೆಯಾಡುತ್ತಿರುತ್ತದೆ. ಹೊಗೆ ಕುಡಿಯುವವರು ಗುಂಡಿಯ ಬಳಿ ನಿಂತ ಕೂಲಿಯವರು, ಪಕ್ಕದ ಮನೆಯ ಮಕ್ಕಳು. ಹೊಗೆಯನ್ನು ಹಿಡಿದು ಮತ್ತೆ ಉರಿಸುವ ಕುಲುಮೆಗಳು ಇವೆ. ಅವನ್ನು ಹಾಕಿಕೊಳ್ಳುವ ಶಕ್ತಿ ಸಣ್ಣ ಘಟಕದವರಿಗಿಲ್ಲ. ಅವರನ್ನು ದೂರಿ ಘಟಕ ಮುಚ್ಚಿಸುವುದು ಸುಲಭ. ಇದ್ದಿಲು ಕೊಳ್ಳುವ ಕಂಪನಿ ಎರಡು ವರ್ಷದ ಖರೀದಿ ಒಪ್ಪಂದ ಬರೆದುಕೊಟ್ಟು, ಕುಲುಮೆಯ ಖರ್ಚಿನ ಪಾಲನ್ನು ಇದ್ದಿಲಿನ ದರದಲ್ಲಿ ಸೇರಿಸಿದರೆ ಹೊಗೆಯೂ ನಿಲ್ಲುತ್ತದೆ, ಕೆಲಸವೂ ಉಳಿಯುತ್ತದೆ. ಅದು ಊರಿಗೆ ಆಸ್ಪತ್ರೆ ಕಟ್ಟಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಹೊರದೇಶದ ಕೊಳ್ಳುಗರ ವಿಷಯದಲ್ಲಿ ಕಾನೂನು ಸ್ವಲ್ಪ ಮುಂದೆ ಹೋಗಿದೆ. ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ 2023ರ ಜನವರಿ 1ರಿಂದ ಜಾರಿಗೆ ಬಂತು. ಅಲ್ಲಿನ ದೊಡ್ಡ ಕಂಪನಿಗಳು ತಮಗೆ ಸರಕು ಬರುವ ದಾರಿಯಲ್ಲಿ ಮನುಷ್ಯರ ಹಕ್ಕಿಗೆ ಧಕ್ಕೆ ಆಗುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಇದರ ಹಿಂದೆ 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರು ಸತ್ತ ದುರಂತದ ನೆನಪಿದೆ. ಅಲ್ಲಿ ಹೊಲಿಯುತ್ತಿದ್ದ ಬಟ್ಟೆಗಳ ಮೇಲೆ ಯುರೋಪು, ಅಮೆರಿಕದ ಅಂಗಡಿಗಳ ಹೆಸರಿತ್ತು.

ತೆಂಗಿಗೇ ಸೇರಿದ ಒಂದು ಪ್ರಸಂಗವೂ ಉಂಟು. ಥಾಯ್ಲೆಂಡಿನಲ್ಲಿ ಕೋತಿಗಳನ್ನು ಕಟ್ಟಿಹಾಕಿ ಕಾಯಿ ಕೀಳಿಸುತ್ತಾರೆ ಎಂಬ ವರದಿ ಹೊರಬಿದ್ದಾಗ, 2020ರಲ್ಲಿ ಬ್ರಿಟನ್ನಿನ ಹಲವು ದೊಡ್ಡ ಅಂಗಡಿಗಳು ಅಲ್ಲಿನ ಕೆಲವು ಬ್ರ್ಯಾಂಡುಗಳ ತೆಂಗಿನ ಹಾಲನ್ನು ಕಪಾಟಿನಿಂದ ಇಳಿಸಿದವು. ಪ್ರಾಣಿಯ ಸಂಕಟಕ್ಕೆ ಓಗೊಟ್ಟದ್ದು ಸರಿಯೇ. ಕೊಳ್ಳುವವರು ಮನಸ್ಸು ಮಾಡಿದರೆ ಸರಪಳಿಯ ತುದಿಯವರೆಗೆ ಅವರ ಕಣ್ಣು ಹೋಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಹಾಗಿದ್ದ ಮೇಲೆ, ನಮ್ಮ ತೋಟದಲ್ಲಿ ಮರ ಹತ್ತುವವರತ್ತಲೂ ಅದು ಹಾಯಬೇಕು. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಅಪರಿಚಿತರಲ್ಲ. ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಮರ ಹತ್ತುವವರಿಗೆಂದೇ ಇದೆ. ಕಂತಿನ ದೊಡ್ಡ ಪಾಲನ್ನು ಮಂಡಳಿಯೇ ಕಟ್ಟುತ್ತದೆ. ಉಳಿದ ಸಣ್ಣ ಪಾಲನ್ನು ಖರೀದಿದಾರ ಕಂಪನಿ ಕಟ್ಟಿದರೆ ಅದರ ಲೆಕ್ಕಪತ್ರದಲ್ಲಿ ಅದು ಗಮನಕ್ಕೇ ಬಾರದ ಮೊತ್ತ.

ಕೊಬ್ಬರಿ ಬಿಡಿಸುವ ಹೆಂಗಸರ ವಿಷಯ ಇನ್ನೂ ಹಿಂದೆ ಉಳಿದಿದೆ. ಇಡೀ ಸರಪಳಿಯಲ್ಲಿ ಅತಿ ನಾಜೂಕಿನ ಕೆಲಸ ಅವರದು. ಚಿಪ್ಪಿಗೆ ಬೀಳುವ ಏಟು ಒಳಗಿನ ಉಂಡೆಗೆ ತಾಗಬಾರದು. ಉಂಡೆಗೂ ಹೋಳಿಗೂ ಇರುವ ಬೆಲೆಯ ಅಂತರ ಉಳಿಯುವುದು ಅವರ ಕೈಯ ಹದದಿಂದ. ದಿನವಿಡೀ ಬಾಗಿ ಕೂತು, ಚಿಪ್ಪಿನ ಚೂರು ಕಣ್ಣಿಗೆ ಸಿಡಿಯದಂತೆ ನೋಡಿಕೊಂಡು ಮಾಡುವ ಕೆಲಸ. ಗುಣಮಟ್ಟಕ್ಕಾಗಿ ಹೆಚ್ಚಿನ ಬೆಲೆ ಕೊಟ್ಟೆವು ಎಂದು ಕೊಳ್ಳುವವರು ಹೇಳುತ್ತಾರೆ. ಆ ಹೆಚ್ಚಿನ ಬೆಲೆಯಲ್ಲಿ ಗುಣಮಟ್ಟವನ್ನು ಕೈಯಿಂದ ಮಾಡಿದವರ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಕಂಪನಿಗೆ ಕೇಳುವ ಮೊದಲು ಬೆಳೆಗಾರರಾದ ನಾವು ನಮಗೇ ಕೇಳಿಕೊಳ್ಳಬೇಕು. ನಾವೂ ಇಲ್ಲಿ ಕೊಳ್ಳುವವರೇ. ಅವರ ದುಡಿಮೆಯನ್ನು ಕೊಳ್ಳುತ್ತಿದ್ದೇವೆ. ಬೆಲೆ ಇಪ್ಪತ್ತೈದು ಸಾವಿರ ದಾಟಿದ ವರ್ಷ ಅವರ ಕೂಲಿಯೂ ಅದೇ ಪ್ರಮಾಣದಲ್ಲಿ ಏರಿತೇ ಎಂಬುದನ್ನು ಈ ಸಭೆಯಲ್ಲಿ ಕೂತಿರುವ ತಾಯಂದಿರೇ ಹೇಳಲಿ.

ದುಡ್ಡು ಸಲ್ಲುವ ದಿನದ ಬಗ್ಗೆ ಒಂದು ಮಾತು. 2006ರ ಸಣ್ಣ ಕೈಗಾರಿಕೆ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಮತ್ತು ಸಣ್ಣ ಉದ್ದಿಮೆಯಿಂದ ಸರಕು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2023-24ರ ಲೆಕ್ಕದಿಂದ ಆದಾಯ ತೆರಿಗೆ ಕಾನೂನೂ ಇದಕ್ಕೆ ಬಲ ಕೊಟ್ಟಿತು. ಗಡುವಿನೊಳಗೆ ಕೊಡದ ಹಣವನ್ನು, ಕೊಡುವ ತನಕ, ಖರ್ಚೆಂದು ತೋರಿಸುವಂತಿಲ್ಲ. ನಮ್ಮ ನಾರಿನ ಘಟಕಗಳು ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ ಈ ರಕ್ಷಣೆ ಅವಕ್ಕೆ ಇದೆ. ತೋಟದ ಬೆಳೆಗಾರರಿಗೆ ಇಲ್ಲ. ಮಾರುಕಟ್ಟೆ ಅಂಗಳದಲ್ಲಿ ಆನ್‌ಲೈನ್ ಟೆಂಡರ್ ಬಂದ ಮೇಲೆ ಬೆಲೆಯಲ್ಲಿ ಮುಚ್ಚುಮರೆ ಕಡಿಮೆಯಾಗಿದೆ. ಬಿಳಿ ಚೀಟಿಯ ಮೇಲೆ ಅಂಗಳದ ಹೊರಗೆ ನಡೆಯುವ ವ್ಯವಹಾರಕ್ಕೆ ದಾಖಲೆ ಇಲ್ಲ, ಗಡುವೂ ಇಲ್ಲ.

ಸರ್ಕಾರವೂ ಒಂದು ದೊಡ್ಡ ಕೊಳ್ಳುಗ. ಅದರ ಹೊಣೆಯೂ ಅಷ್ಟೇ ದೊಡ್ಡದು. 2024ರಲ್ಲಿ ಬೆಂಬಲ ಬೆಲೆಯ ಖರೀದಿ ಸಂಸ್ಥೆಯಾದ ನಾಫೆಡ್ ಪರವಾಗಿ ಕೊಬ್ಬರಿ ಖರೀದಿ ನಡೆದಾಗ, ಕ್ವಿಂಟಲ್‌ಗೆ ಕೇಂದ್ರದ 12,000 ರೂಪಾಯಿಗೆ ರಾಜ್ಯ 1,500 ರೂಪಾಯಿ ಸೇರಿಸಿತು. ಎಕರೆಗೆ 6 ಕ್ವಿಂಟಲ್, ಒಬ್ಬ ರೈತನಿಂದ ಹೆಚ್ಚೆಂದರೆ 15 ಕ್ವಿಂಟಲ್ ಎಂಬ ಮಿತಿ ಇತ್ತು. ಫೆಬ್ರುವರಿಯಲ್ಲಿ ಜನ ರಾತ್ರಿಯೆಲ್ಲ ಸರದಿಯಲ್ಲಿ ನಿಂತು ಹೆಸರು ಬರೆಸಿದರು. ಅಕ್ರಮ ನಡೆದಿದೆ ಎಂಬ ದೂರು ಬಂದು ಆ ನೋಂದಣಿ ರದ್ದಾಯಿತು. ಮಾರ್ಚಿನಲ್ಲಿ ಮತ್ತೆ ಮೊದಲಿಂದ ನಿಲ್ಲಬೇಕಾಯಿತು. ಬೆಲೆ ನ್ಯಾಯವಾಗಿದ್ದರೂ ಕೊಳ್ಳುವ ರೀತಿ ಮನುಷ್ಯರನ್ನು ದಣಿಸಿದರೆ ಅರ್ಧ ನ್ಯಾಯವೇ ಆಯಿತು. ಇದೇ ಹಳ್ಳಿಗಳಲ್ಲಿ ಹಾಲಿನ ಡೇರಿ ದಿನಕ್ಕೆರಡು ಬಾರಿ ಮನೆಬಾಗಿಲ ಹತ್ತಿರವೇ ಅಳೆದು, ಕೊಬ್ಬಿನಂಶ ನೋಡಿ, ಲೆಕ್ಕ ಬರೆದು ಕೊಳ್ಳುತ್ತದೆ. ವರ್ಷವಿಡೀ ಕೆಡದೆ ಇರುವ ಕೊಬ್ಬರಿಗೆ ಆ ವ್ಯವಸ್ಥೆ ಸಾಧ್ಯವಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಕೊಳ್ಳುವವರು ಕೈಬಿಟ್ಟಾಗ ಏನು ಮಾಡಬಹುದು ಎಂಬುದಕ್ಕೆ ಕರಾವಳಿಯ ಒಂದು ಉದಾಹರಣೆ ನನ್ನ ಮನಸ್ಸಿಗೆ ಹತ್ತಿರ. ಅಡಿಕೆ ಬೆಲೆ ಕುಸಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ದಕ್ಷಿಣ ಕನ್ನಡದವರೂ ಕಾಸರಗೋಡಿನವರೂ ಕೂಡಿ ಕಟ್ಟಿದ ಸಹಕಾರಿ ಸಂಸ್ಥೆ. ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಯಿರಿ ಎಂದು ಕೊಳ್ಳುವವರೇ ಆಗ ರೈತರಿಗೆ ಹೇಳಿಕೊಟ್ಟಿದ್ದರು. ಎಂಬತ್ತರ ಸುಮಾರಿಗೆ ಜಾಗತಿಕ ಬೆಲೆ ಬಿದ್ದಾಗ ಅವರು ಖರೀದಿಯಿಂದ ಹಿಂದೆ ಸರಿದರು. ಗಿಡ ನೆಟ್ಟವರ ಕೈಯಲ್ಲಿ ಹಣ್ಣು ಉಳಿಯಿತು. ಕ್ಯಾಂಪ್ಕೊ ಕೊಕ್ಕೊ ಕೊಳ್ಳಲು ಮುಂದೆ ಬಂತು, 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟ್ ಕಾರ್ಖಾನೆ ತೆರೆಯಿತು. ಬೆಳೆಯಿರಿ ಎಂದು ಹೇಳಿದವರು ಬೆಲೆ ಬಿದ್ದ ದಿನವೂ ಕೊಳ್ಳಬೇಕು. ಪೂರೈಕೆ ಸರಪಳಿಯ ಹೊಣೆಗಾರಿಕೆಯಲ್ಲಿ ಇದಕ್ಕಿಂತ ಮೊದಲ ಪಾಠ ಇಲ್ಲ.

ಇಲ್ಲಿಂದ ಮುಂದಿನದು ಹಾಲ್ಕುರಿಕೆಯ ಕೆಲಸ. ಒಬ್ಬೊಬ್ಬರಾಗಿ ಖರೀದಿಯ ಶೇ 2 ಆಗದವರು ಸೇರಿದರೆ ಆಗಬಹುದು. ಈ ಸುತ್ತಿನ ಹಳ್ಳಿಗಳ ಬೆಳೆಗಾರರು ಒಂದು ಉತ್ಪಾದಕರ ಕಂಪನಿಯಾಗಿ ಕೂಡಿ, ಹಸಿಕಾಯಿ, ಚಿಪ್ಪು, ನಾರನ್ನು ಅದರ ಹೆಸರಿನಲ್ಲೇ ಮಾರಿದರೆ ಸೆಬಿಯ ಆ ಅಳತೆಯೊಳಗೆ ಹೋಗಲು ಬಾಗಿಲು ಸಿಗುತ್ತದೆ. ಒಪ್ಪಂದದಲ್ಲಿ ಹಣ ಸಲ್ಲುವ ದಿನ ಬರೆಸಿ. ಕಡಿತದ ಲೆಕ್ಕ ಬರೆಸಿ. ಬೆಲೆ ಇಂತಿಷ್ಟಕ್ಕಿಂತ ಕೆಳಗೆ ಬಿದ್ದರೂ ಕೊಳ್ಳುವ ಪ್ರಮಾಣ ಎಷ್ಟು ಎಂದು ಬರೆಸಿ. ಅಟ್ಟದಲ್ಲಿ ಕಾದ ತಿಂಗಳುಗಳಿಗೆ ಬಡ್ಡಿಯ ಪಾಲು ಕೇಳಲು ಸಂಕೋಚ ಬೇಡ. ಕಂಪನಿಯವರು ಲಾಭದ ಶೇ 2ರ ದುಡ್ಡಿನಲ್ಲಿ ಏನು ಮಾಡಿಸಿಕೊಡಲಿ ಎಂದು ಕೇಳಿದರೆ, ಮೊದಲು ಈ ಒಪ್ಪಂದಕ್ಕೆ ಸಹಿ ಹಾಕಿ, ಬೆಂಚಿನ ಮಾತು ಆಮೇಲೆ ಆಡೋಣ ಎಂದು ಹೇಳಿ.

ತಿಪಟೂರಿನ ಕಾಲೇಜುಗಳಲ್ಲಿ ವಾಣಿಜ್ಯ ಓದುತ್ತಿರುವ ಮಕ್ಕಳು ಇಲ್ಲಿದ್ದೀರಿ. ಕಂಪನಿಗಳ ಬಿಆರ್‌ಎಸ್‌ಆರ್ ವರದಿಗಳು ಯಾರು ಬೇಕಾದರೂ ತೆರೆದು ಓದಬಹುದಾದ ದಾಖಲೆಗಳು. ತೆಂಗಿನ ಪುಡಿ, ನಾರು, ಇದ್ದಿಲು ಕೊಳ್ಳುವ ನೋಂದಾಯಿತ ಕಂಪನಿಗಳನ್ನು ಗುರುತಿಸಿ, ಅವರ ವರದಿಯಲ್ಲಿ ಸಣ್ಣ ಉತ್ಪಾದಕರ ಪಾಲು ಎಷ್ಟು, ಹಣ ಕೊಡಲು ಹಿಡಿಯುವ ದಿನ ಎಷ್ಟು ಎಂದು ಹುಡುಕಿ ತೆಗೆಯಿರಿ. ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಹಚ್ಚಿ. ಆಮೇಲೆ ಆ ಕಂಪನಿಗಳಿಗೆ ಊರಿನ ಪರವಾಗಿ ಒಂದೊಂದು ಪತ್ರ ಬರೆಯೋಣ. ಕರಡು ಬರೆಯಲು ನಾನು ನಿಮ್ಮ ಜೊತೆ ಕೂರುತ್ತೇನೆ. ಕೊಬ್ಬರಿ ಬಿಡಿಸುವ ಹೆಂಗಸರ ಕೂಲಿಯ ಪ್ರಶ್ನೆಯನ್ನು ಅದರಲ್ಲಿ ಮೊದಲಿಗೆ ಇಡೋಣ.